ಜೀವದ ಪಡಿ

"ಗುರುಗಳೇ, ನಾನು ಇನ್ನು ಎಷ್ಟು ವರ್ಷ ಬದುಕುತ್ತೇನೆಂದು ಲೆಕ್ಕ ಹಿಡಿಯಲಿ?"

ಕೇಳಿದವನು ಶರಭಣ್ಣ. ಸರಕಾರಿ ಕಚೇರಿಯೊಂದರಲ್ಲಿದ್ದವನು, ನೌಕರಿ ಇನ್ನೂ ಕೆಲವು ವರ್ಷ ಉಳಿದಿರುವಾಗಲೇ ಸ್ವಯಂ ನಿವೃತ್ತಿ ಪಡೆದು ಮನೆಗೆ ಬಂದಿದ್ದ. ಪಿಂಚಣಿ ಗೊತ್ತಾಗಿತ್ತು. ಮುಂದಿನ ದಾರಿ ಗೊತ್ತಾಗದೆ ಮುಪ್ಪಯ್ಯ ಗುರುಗಳ ಮಠಕ್ಕೆ ಬಂದಿದ್ದ. ಗುರುಗಳು ಜಗಲಿಯ ಮೇಲೆ ಕುಳಿತು ಮುತ್ತುಗದ ಎಲೆಗಳಿಗೆ ಕಡ್ಡಿ ಚುಚ್ಚಿ ದಾಸೋಹಕ್ಕೆ ಪತ್ರಾವಳಿ ಹಚ್ಚುತ್ತಿದ್ದರು.

"ಇದು ಜೋಯಿಸರನ್ನು ಕೇಳುವ ಮಾತು. ನನ್ನ ಹತ್ತಿರ ಏಕೆ ಬಂದೆ?" ಎಂದರು.

"ಹಾಗಲ್ಲ ಗುರುಗಳೇ. ನಾನಿರುವ ತನಕ ಪಿಂಚಣಿ ಪೂರ್ತಿ ಬರುತ್ತದೆ. ನಾನು ಹೋದರೆ ಹೆಂಡತಿ ನೀಲಗಂಗಾಳಿಗೆ ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ಅವಳ ಸಲುವಾಗಿ ನಾನು ಹೆಚ್ಚು ದಿನ ಬದುಕಬೇಕು. ಬಂದದ್ದರಲ್ಲಿ ಹೆಚ್ಚು ಉಳಿಸಬೇಕು. ತೊಂಬತ್ತರ ತನಕ ಹಂಚಿಕೆ ಹಾಕಿದ್ದೇನೆ. ಅಷ್ಟು ಸಾಕೇ?"

"ನೀಲಗಂಗಮ್ಮ ಎಲ್ಲಿ? ಬರಲಿಲ್ಲವೇ?"

"ಬರುತ್ತೇನೆ ಎಂದಳು. ಸುಮ್ಮನೆ ಇಬ್ಬರ ಬಸ್ ಚಾರ್ಜು ಏಕೆ ಎಂದು ನಾನೇ ಬೇಡವೆಂದೆ."

ಗುರುಗಳ ಕೈ ನಿಂತಿತು. ಎಲೆಯನ್ನು ಕೆಳಗಿಟ್ಟು ಶರಭಣ್ಣನ ಮುಖವನ್ನು ಒಂದು ಸಲ ನೋಡಿದರು. "ಭಲೇ!" ಎಂದರು. "ಕೂತುಕೋ. ಒಬ್ಬ ಅಂಬಿಗನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಶರಭಣ್ಣ ಕೂತ. ಗುರುಗಳು ಮತ್ತೆ ಎಲೆಗೆ ಕೈ ಹಾಕಿ ಕತೆ ಶುರುಮಾಡಿದರು.

ಒಂದು ದೊಡ್ಡ ಹೊಳೆ. ಈ ದಡದಲ್ಲಿ ಅರಸನ ಊರು, ಆ ದಡದಲ್ಲಿ ಹಳ್ಳಿಗಳು. ನಡುವೆ ಹರಿಗೋಲು ಹಾಕುವವನು ಒಬ್ಬ ಅಂಬಿಗ. ಅವನ ಅಪ್ಪನೂ ಅದನ್ನೇ ಮಾಡಿದ್ದ, ಅಜ್ಜನೂ ಅದನ್ನೇ ಮಾಡಿದ್ದ. ಹೆಸರು ಬೇಕೇ ನಿನಗೆ? ಆ ಊರಿನವರಿಗೇ ಬೇಕಾಗಿರಲಿಲ್ಲ. ಆ ದಡದಲ್ಲಿ ನಿಂತವರು ಬಾಯಿಗೆ ಅಂಗೈ ಹಿಡಿದು 'ಹೋ ಅಂಬಿಗಾ' ಎಂದು ಕೂಗುವರು. ಇವನು ಈ ದಡದಿಂದ 'ಬಂದೇ' ಎಂದು ಕೂಗುವನು. ಅಷ್ಟಾದರೆ ಆ ದಡದವರು ಗಂಟುಮೂಟೆ ಇಳಿಸಿ ನಿಶ್ಚಿಂತೆಯಿಂದ ಎಲೆಯಡಿಕೆ ಹಾಕಿಕೊಳ್ಳುವರು.

ಅಂಬಿಗರಲ್ಲಿ ಒಂದು ಕಟ್ಟಳೆ ಉಂಟು. ನೀರಿನೊಳಗಿನಿಂದ ಕೂಗು ಬಂದರೆ ಯಾರದು ಎಂದು ಕೇಳಬಾರದು. ಮೊದಲು 'ಬಂದೇ' ಎನ್ನಬೇಕು, ಆಮೇಲೆ ನೋಡಬೇಕು. ಮುಳುಗುವವನ ಹತ್ತಿರ ಕೈ ತಲುಪುವುದಕ್ಕೆ ಹೊತ್ತು ಹಿಡಿಯುತ್ತದೆ, ಮಾತು ಬೇಗ ತಲುಪುತ್ತದೆ. ಆ ಮಾತು ಕಿವಿಗೆ ಬಿದ್ದರೆ ಅವನು ಇನ್ನೂ ಒಂದಿಷ್ಟು ಹೊತ್ತು ಕೈಕಾಲು ಬಡಿಯುತ್ತಾನೆ, ಅಷ್ಟರಲ್ಲಿ ನೀನು ಹೋಗಿ ಮುಟ್ಟಬಹುದು. ಈ ಅಂಬಿಗ ಹಾಗೆ ಎಷ್ಟು ಜನರನ್ನು ಎತ್ತಿ ತಂದನೋ! ಕಳ್ಳನನ್ನೂ ತಂದ, ಕಳ್ಳನನ್ನು ಅಟ್ಟಿಕೊಂಡು ಬಂದ ತಳವಾರನನ್ನೂ ತಂದ. ಒಂದು ಸಲ ಹೋರಿಕರುವನ್ನು ಎತ್ತಿ ತಂದು ಅದರಿಂದಲೇ ಒದೆ ತಿಂದ. ಊರೆಲ್ಲ ನಕ್ಕಿತು, ಅವನೂ ನಕ್ಕ.

ಹೀಗಿರುವಾಗ ಅರಸ ಹೊಳೆಗೆ ಕಲ್ಲಿನ ಸೇತುವೆ ಕಟ್ಟಿಸಿದ. ಒಳ್ಳೆಯ ಕೆಲಸವೇ. ಗಾಡಿಗಳು ದಾಟಿದವು, ದನಕರು ದಾಟಿದವು, ಬಸುರಿ ಬಾಣಂತಿಯರು ಹೆದರದೆ ದಾಟಿದರು. ಹರಿಗೋಲಿಗೆ ಕೆಲಸ ಉಳಿಯಲಿಲ್ಲ. ಅಂಬಿಗನಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ತಲೆ ಅಲ್ಲಲ್ಲಿ ನರೆತಿತ್ತು, ತೋಳಿನ ಕಸುವು ಹಾಗೇ ಇತ್ತು.

ಅರಸ ಅವನನ್ನು ಕರೆಸಿ ಹೇಳಿದ: "ಕೆರೆಯ ತೂಬು ಕಾಯುವ ಕೆಲಸವಿದೆ, ಬೇಕಾದರೆ ಮಾಡು. ಬೇಡವಾದರೆ ಇಂದಿನಿಂದಲೇ ಜೀವದ ಪಡಿ ತೆಗೆದುಕೋ. ನೀನು ಬದುಕಿರುವ ತನಕ ನಮ್ಮ ಉಗ್ರಾಣದಿಂದ ತಿಂಗಳು ತಿಂಗಳು ಜೋಳ, ಬೇಳೆ, ಎಣ್ಣೆ, ಉಪ್ಪು."

ಅಂಬಿಗ ತನ್ನ ಅಂಗೈಗಳನ್ನು ನೋಡಿಕೊಂಡ. ಹುಟ್ಟು ಹಾಕಿ ಹಾಕಿ ಕಲ್ಲಿನಂತಾಗಿದ್ದವು. ಸಾಕು, ದುಡಿದದ್ದು ಸಾಕು ಎನಿಸಿತು. ಪಡಿಯನ್ನೇ ಒಪ್ಪಿಕೊಂಡ. ಮನೆಗೆ ಬಂದು ಹೆಂಡತಿ ದ್ಯಾವಮ್ಮನಿಗೆ ಹೇಳಿದಾಗ ಅವಳು ಬಹಳ ಸಂತೋಷಪಟ್ಟಳು. ಮಕ್ಕಳಿಲ್ಲದ ಮನೆ. ಇಷ್ಟು ವರ್ಷ ಅವನು ಹೊಳೆಯಲ್ಲಿ, ಅವಳು ಒಲೆಯ ಮುಂದೆ. ಇನ್ನಾದರೂ ಇಬ್ಬರೂ ಕೂಡಿ ನಾಲ್ಕು ಕಡೆ ಹೋಗಿ ಬರಬಹುದು ಎಂದುಕೊಂಡಳು. ಅವಳ ತವರು ಹೊಳೆಯ ಮೇಲುಗಡೆ ಇತ್ತು. ತಾಯಿ ಇನ್ನೂ ಬದುಕಿದ್ದಳು.

ಪಡಿ ತೆಗೆದುಕೊಳ್ಳುವುದಕ್ಕೆ ಆ ರಾಜ್ಯದಲ್ಲಿ ಒಂದು ಪದ್ಧತಿ. ಅಮಾವಾಸ್ಯೆಯ ದಿನ ಪಡಿ ಪಡೆಯುವವನು ತಾನೇ ಉಗ್ರಾಣದ ಬಾಗಿಲಿಗೆ ಬರಬೇಕು. ತಾನು ಬದುಕಿದ್ದೇನೆಂದು ತೋರಿಸುವುದಕ್ಕೆ ತನ್ನ ಹಳೆಯ ಕಸುಬಿನ ದನಿ ಮಾಡಬೇಕು. ನಗಾರಿಯವನು ಒಂದು ಪೆಟ್ಟು ಬಾರಿಸುವನು. ಕುದುರೆ ಸಾಕಿದವನು ನಾಲಿಗೆಯಿಂದ ಟಕಟಕ ಎನ್ನಿಸುವನು. ರಾತ್ರಿ ಕಾವಲಿನವನು 'ಹುಷಾರ್' ಎನ್ನುವನು. ಒಳಗೆ ಕೂತ ಉಗ್ರಾಣಿ ದನಿ ಕೇಳಿ, "ಇದ್ದಾನೆ, ಅಳೆಯಿರಿ" ಎನ್ನುವನು. ನಮ್ಮ ಅಂಬಿಗ ಮೊದಲ ಸಲ ಬಾಗಿಲಲ್ಲಿ ನಿಂತು 'ಬಂದೇ' ಎಂದು ಕೂಗಿದಾಗ ಉಗ್ರಾಣದ ಪಾರಿವಾಳಗಳೆಲ್ಲ ಹಾರಿಹೋದವು. ಅಂಥ ಗಂಟಲು!

ಮೊದಮೊದಲು ಹಬ್ಬವೇ ಹಬ್ಬ. ಆಮೇಲೆ ನೋಡು, ದಿನಗಳು ಸವೆಯಲೊಲ್ಲವು. ಬೆಳಗಿನ ಜಾವ ಎಚ್ಚರವಾಗುತ್ತಿತ್ತು. ಎದ್ದು ದಡಕ್ಕೆ ಹೋಗುತ್ತಿದ್ದ. ಹೋಗಿ ಏನು ಮಾಡುವುದು? ಸೇತುವೆಯ ಮೇಲೆ ಜನ ನಡೆದುಹೋಗುತ್ತಿದ್ದರು. ಯಾರೂ ಕೂಗುತ್ತಿರಲಿಲ್ಲ. ಒಬ್ಬಿಬ್ಬರು, "ಏನು ಅಂಬಿಗಾ, ಅರಸನ ಅಳಿಯನಾದೆಯಲ್ಲ! ಕೂತಲ್ಲಿಗೇ ಊಟ!" ಎಂದು ಕುಶಾಲು ಮಾಡುತ್ತಿದ್ದರು. ಅವನು ನಗುತ್ತಿದ್ದ. ಒಳಗೆ ಮಾತ್ರ ಸಂಕಟವಾಗುತ್ತಿತ್ತು. ಮನೆಗೆ ಬಂದು ಬೇಡದ ಕಡೆ ಕೈ ಹಾಕುತ್ತಿದ್ದ. ಸಾರಿಗೆ ಉಪ್ಪು ಎಷ್ಟು ಹಾಕಿದೆ, ದೀಪ ಏಕೆ ಇಷ್ಟು ಬೇಗ ಹಚ್ಚಿದೆ ಎಂದು ಕೇಳುತ್ತಿದ್ದ. ದ್ಯಾವಮ್ಮ ಒಂದು ದಿನ ಕೈ ಮುಗಿದು, "ನಮ್ಮಪ್ಪಾ, ಸೇತುವೆಯ ಕಟ್ಟೆಗಾದರೂ ಹೋಗಿ ಕೂತುಕೋ" ಎಂದಳು.

ಹೀಗಿರುವಾಗ ಒಂದು ಅಮಾವಾಸ್ಯೆ ಅವನು ಉಗ್ರಾಣದ ಮುಂದೆ ಸಾಲಿನಲ್ಲಿ ನಿಂತಿದ್ದ. ಅವನ ಮುಂದೆ ನಗಾರಿಯವನ ಹೆಂಡತಿ ಖಾಲಿ ಚೀಲ ಹಿಡಿದು ನಿಂತಿದ್ದಳು. ನಗಾರಿಯವನು ಆ ತಿಂಗಳು ತೀರಿಕೊಂಡಿದ್ದ. ಅವಳು ಗಂಡನ ನಗಾರಿಯನ್ನೇ ತಲೆಯ ಮೇಲೆ ಹೊತ್ತು ತಂದಿದ್ದಳು. ಅದನ್ನು ಇಳಿಸಿ ತಾನೇ ಒಂದು ಪೆಟ್ಟು ಬಾರಿಸಿದಳು. ಒಳಗಿನಿಂದ ಉಗ್ರಾಣಿ ಎದ್ದು ಬಂದ. ಅವನು ಕೆಟ್ಟವನಲ್ಲ. ಮೆಲ್ಲನೆ ಹೇಳಿದ: "ಇದು ಜೀವದ ಪಡಿ, ತಾಯೀ. ಮನೆಗೆ ಕೊಟ್ಟದ್ದಲ್ಲ, ಅವನ ಜೀವಕ್ಕೆ ಕೊಟ್ಟದ್ದು." ಅವಳು ಜಗಳವಾಡಲಿಲ್ಲ. ಚೀಲ ಮಡಚಿಕೊಂಡಳು. ನಗಾರಿಯನ್ನು ಮತ್ತೆ ತಲೆಗೆ ಎತ್ತಿಕೊಡಲು ಅಂಬಿಗನನ್ನೇ ಕರೆದಳು.

  ಎತ್ತಿಕೊಡುವಾಗ ಆ ಹೆಂಗಸಿನ ಮುಖದ ಜಾಗದಲ್ಲಿ ಅಂಬಿಗನಿಗೆ ದ್ಯಾವಮ್ಮನ ಮುಖ ಕಂಡಿತು. ಅವಳು ಅವನಿಗಿಂತ ಬಹಳ ಚಿಕ್ಕವಳು. ತಾನು ಸತ್ತರೆ ಮರುದಿನವೇ ಒಲೆ ಆರುತ್ತದೆ. ಮನೆಗೆ ಬಂದವನು ಅಂದು ಊಟ ಮಾಡಲಿಲ್ಲ. ಗೋಡೆಗೆ ಒರಗಿ ಕೂತು ಅವಳು ಓಡಾಡುವುದನ್ನೇ ನೋಡಿದ. ಅವಳ ಮೇಲೆ ಅವನಿಗೆ ಪ್ರೀತಿ ಇತ್ತು, ಶರಭಣ್ಣ. ಅದರಲ್ಲಿ ಸಂಶಯ ಬೇಡ.

ಮರುದಿನದಿಂದ ಅವನಿಗೆ ಒಂದು ಕೆಲಸ ಸಿಕ್ಕಿತು. ಸಾಯದೆ ಇರುವ ಕೆಲಸ.

ಮನೆಯ ಅಂಗಳದಲ್ಲಿ ಒಂದು ಹಗೇವು ತೋಡಿದ, ಧಾನ್ಯ ಕೂಡಿಡುವ ನೆಲದ ಗುಂಡಿ. ಪಡಿಯ ಜೋಳ ಬಂದೊಡನೆ ಅರ್ಧವನ್ನು ಅದರೊಳಗೆ ಸುರಿಯುವನು. ಇದು ನಾನು ಹೋದ ಮೇಲೆ ದ್ಯಾವಮ್ಮನಿಗೆ ಎನ್ನುವನು. ಉಳಿದ ಅರ್ಧದಲ್ಲಿ ಇಬ್ಬರ ಊಟ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ. ಇವನು ಹಾಸಿಗೆಯನ್ನೇ ಮಡಚಿಟ್ಟು ಮೊಣಕಾಲು ಕಟ್ಟಿಕೊಂಡು ಮಲಗಿದ. ಮಳೆಯ ನೀರು ಇಳಿಯದಿರಲೆಂದು ಹಗೇವಿನ ಬಾಯಿಗೆ ತನ್ನ ಹರಿಗೋಲನ್ನೇ ಕವುಚಿ ಹಾಕಿದ.

ಆಮೇಲೆ ಮೈಯ ಜೋಪಾನ. ತಣ್ಣೀರು ಬಿಟ್ಟ. ಹುಟ್ಟಿದಾಗಿನಿಂದ ಹೊಳೆಯಲ್ಲಿ ಮಿಂದವನು ಬಿಸಿನೀರು ಕೇಳತೊಡಗಿದ. ದಡದ ಮೆಟ್ಟಿಲು ಪಾಚಿಗಟ್ಟಿವೆ, ಜಾರೀತು ಎಂದು ಇಳಿಯುವುದನ್ನು ಬಿಟ್ಟ. ನೀರು ತರುವ ಕೆಲಸ ದ್ಯಾವಮ್ಮನದಾಯಿತು. ಮರ ಹತ್ತುವುದು ಬಿಟ್ಟ. ಜಾತ್ರೆ, ಸಂತೆ ಬಿಟ್ಟ. ಕಾಯಿಲೆಯವರ ಮನೆಗೆ ಹೋಗುವುದು ಬಿಟ್ಟ. ಸಾವಿನ ಮನೆಯಲ್ಲಿ ಅತ್ತರೆ ಎದೆಗೆ ಆಯಾಸ ಎಂದು ಅದನ್ನೂ ಬಿಟ್ಟ. ಅವನ ಜೊತೆಯಲ್ಲೇ ಆಡಿ ಬೆಳೆದ ಬೆಸ್ತರವನು ಸತ್ತಾಗ ತನ್ನ ಮನೆಯ ಬಾಗಿಲಲ್ಲೇ ನಿಂತು ಕೈ ಮುಗಿದು ಒಳಗೆ ಹೋದ. ಸೇತುವೆಯ ಕಟ್ಟೆಯ ಮುದುಕರು ಮೊದಲು ನಕ್ಕರು, ಆಮೇಲೆ ಮೆಚ್ಚಿದರು. "ಗಂಡಸೆಂದರೆ ಹೀಗಿರಬೇಕು. ಹೆಂಡತಿಯ ಮುಂದಿನ ಗತಿ ನೋಡುತ್ತಾನೆ" ಎಂದರು. ಅವನಿಗೂ ಹೌದೆನಿಸಿತು. ತನ್ನ ಮೈ ತನ್ನದಲ್ಲ, ದ್ಯಾವಮ್ಮನ ಬಟ್ಟಲು ಎಂದುಕೊಂಡ. ಅದನ್ನು ಒಡೆಯದಂತೆ ನೋಡಿಕೊಳ್ಳಬೇಕು, ಅಷ್ಟೇ.

ತವರಿನಿಂದ ಹೇಳಿಕಳಿಸಿದರು, ತಾಯಿಗೆ ಆರಾಮವಿಲ್ಲ, ನೋಡಬೇಕೆನ್ನುತ್ತಾಳೆ ಎಂದು. ದ್ಯಾವಮ್ಮ, "ಹರಿಗೋಲು ಇಳಿಸು, ನಾಳೆ ಹೋಗಿ ಬರೋಣ" ಎಂದಳು. ಇವನು ಹೊಳೆಯ ಮೇಲೆ ಚಳಿಗಾಳಿ ಎಂದ. ಗಾಡಿಯಲ್ಲಿ ಹೋಗೋಣವೆಂದರೆ ಬಾಡಿಗೆಗೆ ಎಷ್ಟು ಜೋಳ ಹೋಗುತ್ತದೆ, ಅದು ನಿನ್ನ ಹಗೇವಿನ ಜೋಳ ಎಂದ. ಅವಳಿಗೆ ರೇಗಿತು.

"ನಾನು ಮುಂಡೆಯಾದ ಮೇಲೆ ಏನು ಉಣ್ಣಬೇಕೆಂದು ಎಲ್ಲ ಗೊತ್ತುಮಾಡಿದ್ದೀಯೆ," ಎಂದಳು. "ಮುತ್ತೈದೆಯಾಗಿರುವಾಗ ಏನು ಉಣ್ಣಲಿ? ಅದನ್ನೂ ಹೇಳು."

ಅವನು ನೊಂದುಕೊಂಡ. ಇಷ್ಟೆಲ್ಲ ಯಾರಿಗಾಗಿ ಮಾಡುತ್ತಿದ್ದೇನೆ, ಇವಳಿಗೆ ತಿಳಿಯದಲ್ಲ ಎಂದುಕೊಂಡ. ತಾಯಿ ಹೋದಳು. ದ್ಯಾವಮ್ಮನಿಗೆ ಮುಖ ನೋಡಲೂ ಸಿಗಲಿಲ್ಲ. ಅವಳು ಆಮೇಲೆ ಅವನನ್ನು ಏನೂ ಕೇಳಲಿಲ್ಲ.

ಒಂದು ಮಳೆಗಾಲದಲ್ಲಿ ಕುಂಬಾರನೊಬ್ಬ ಕೈಕಾಲಿನ ಮಣ್ಣು ತೊಳೆಯಲು ಬಂದು ಜಾರಿ ನೀರಿಗೆ ಬಿದ್ದ. 'ಹೋ ಅಂಬಿಗಾ' ಎಂದು ಕೂಗಿದ. ಹಳೆಯ ಅಭ್ಯಾಸ, ಆ ಊರಿನಲ್ಲಿ ನೀರಿಗೆ ಬಿದ್ದವರು ಬೇರೇನೂ ಕೂಗರು. ಅಂಬಿಗ ಕಟ್ಟೆಯ ಮೇಲೆ ಇದ್ದ. ಎದ್ದು ನಿಂತ. ಆದರೆ ಇಳಿಯಲಿಲ್ಲ. ಹತ್ತಿರದಲ್ಲಿ ಹಗ್ಗ ಹೊಸೆಯುತ್ತಿದ್ದವರನ್ನು ಕೂಗಿ ಕರೆದ. ಅವರು ಹಗ್ಗ ಎಸೆದು ಕುಂಬಾರನನ್ನು ಎಳೆದರು. ಯಾರೂ ಅಂಬಿಗನನ್ನು ಬಯ್ಯಲಿಲ್ಲ. ಪಾಪ, ಅವನು ಕೆಲಸ ಬಿಟ್ಟವನು, ಅವನಿಗೇನು ಹೊಣೆ ಎಂದರು.

ಇಲ್ಲಿ ಗುರುಗಳು ಕತೆ ನಿಲ್ಲಿಸಿ ಶರಭಣ್ಣನ ಕಡೆ ತಿರುಗಿದರು. "ಏನಪ್ಪಾ, ಅವನು ಮಾಡಿದ್ದು ತಪ್ಪೇ?"

ಶರಭಣ್ಣ ಯೋಚಿಸಿದ. "ತಪ್ಪೆನ್ನಲಾಗದು ಗುರುಗಳೇ. ಕುಂಬಾರ ಬದುಕಿದನಲ್ಲ. ಇವನೂ ಉಳಿದ. ಮನೆಯ ಹೊಣೆ ಇರುವವನು ಎಲ್ಲದಕ್ಕೂ ಮುಂದಾಗಲು ಬರುತ್ತದೆಯೇ?"

"ಅಂಬಿಗನೂ ಇದೇ ಮಾತನ್ನೇ ಅಂದುಕೊಂಡ. ಮುಂದೆ ಕೇಳು."

ಅದೇ ಮಳೆಗಾಲ. ಮೇಲುನಾಡಿನಲ್ಲಿ ಜಡಿಮಳೆ ಹಿಡಿದು ಹೊಳೆ ಕೆಂಪಾಗಿ ಏರಿತ್ತು. ಬೆಳಗ್ಗೆ ಅಂಬಿಗ ಕಿವಿಗೆ ಬಟ್ಟೆ ಸುತ್ತಿಕೊಂಡು, ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದ. ಮುದುಕರು ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಸ್ನಾನಕ್ಕೆ ನೀರು ಕಾಯುತ್ತಿರಬಹುದು, ಹೋಗೋಣ ಎಂದು ಎದ್ದ.

ಆಗ ಕೂಗು ಕೇಳಿತು.

'ಹೋ ಅಂಬಿಗಾ!'

ಹೊಳೆಯ ನಡುವಿನಿಂದ. ಹೆಂಗಸಿನ ದನಿ.

ಅವನ ಕೈ ತಾನಾಗಿ ಕಂಬಳಿಯನ್ನು ಕಿತ್ತೆಸೆಯಿತು. ಕಾಲು ಒಂದು ಹೆಜ್ಜೆ ಮುಂದಿಟ್ಟಿತು. ಬಾಯಿ ತೆರೆಯಿತು. ಕೆಂಪು ನೀರಿನಲ್ಲಿ ಒಂದು ತಲೆ, ಒಂದು ಕೈ. ಹಿತ್ತಾಳೆಯ ಕೊಡವೊಂದು ಬೇರೆ ದಿಕ್ಕಿಗೆ ತೇಲುತ್ತಿತ್ತು. ಅದು ಅವನ ಮನೆಯ ಕೊಡ. ದನಿಯೂ ಅವನಿಗೆ ಗೊತ್ತಾಗಿತ್ತು. ದ್ಯಾವಮ್ಮ ಅವನ ಬಿಸಿನೀರಿಗೆಂದು ನೀರು ತರಲು ಇಳಿದು ಪಾಚಿಯ ಮೇಲೆ ಜಾರಿದ್ದಳು. ಗಂಡನ ಹೆಸರು ಹೇಳುವಂತಿಲ್ಲ. ಎಲ್ಲರೂ ಕೂಗಿದ್ದನ್ನೇ ಅವಳೂ ಕೂಗಿದಳು. ಹುಟ್ಟಿ ಒಂದು ಸಲವೂ ಅವಳು ಅವನನ್ನು ಹಾಗೆ ಕೂಗಿದವಳಲ್ಲ.

ಅಯ್ಯೋ ಶಿವನೇ! ಆಗ ಅವನ ತಲೆ ಕೆಲಸ ಮಾಡಿತು ನೋಡು. ನೆರೆ ಬಂದಿದೆ. ತಾನು ಈಜು ಬಿಟ್ಟು ವರ್ಷಗಳಾದವು. ಎದೆ ಕೈ ಕೊಟ್ಟೀತು. ತಾನು ಮುಳುಗಿದರೆ ನಾಳೆಯಿಂದ ಪಡಿ ಇಲ್ಲ. ಪಡಿ ಇಲ್ಲದಿದ್ದರೆ ದ್ಯಾವಮ್ಮ ಏನು ತಿನ್ನಬೇಕು? ಹಗೇವು ಇನ್ನೂ ತುಂಬಿಲ್ಲ. ಅವಳಿಗಾಗಿ ತಾನು ಉಳಿಯಲೇಬೇಕು.

ಹೀಗೆಂದು ಅವನು ಅಲ್ಲೇ ನಿಂತ. ಗರ ಬಡಿದವನಂತೆ ನಿಂತ.

ನೀರಿನಲ್ಲಿದ್ದವಳು ಇನ್ನೊಂದು ಸಲ ಕೂಗಿದಳು. 'ಬಂದೇ' ಎಂಬ ಮಾತು ಬರುತ್ತದೆಂದು ಕಾದಳು. ಬರಲಿಲ್ಲ. ಅವಳು ತಲೆ ತಿರುಗಿಸಿ ದಡವನ್ನು ನೋಡಿದಳು. ಅವನು ನಿಂತದ್ದು ಕಂಡಿತು. ನೀರು ಅವಳನ್ನು ಸೇತುವೆಯ ಕಡೆಗೆ ಎಳೆಯುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಆಮೇಲೆ ಅವಳು ಕೂಗಲಿಲ್ಲ. ಅವಳೂ ಅಂಬಿಗರ ಮನೆಯ ಮಗಳು, ನಡೆಯುವ ಮುಂಚೆ ಈಜು ಕಲಿತವಳು. ನೀರಿನ ಕೂಡ ಜಗಳವಾಡದೆ ಮೈ ಸಡಿಲಬಿಟ್ಟಳು. ಸೇತುವೆಯ ಕಮಾನಿನ ಕಣ್ಣಿನೊಳಗೆ ನುಸುಳಿ ಆಚೆ ಹೋದಳು. ಬಹಳ ದೂರ ತೇಲಿ ಒಂದು ಹೊಂಗೆಯ ಮರದ ಬೇರನ್ನು ಹಿಡಿದಳು. ಬೇರು ಹಿಡಿದು ಕೆಸರಿನಲ್ಲಿ ಮೊಣಕಾಲೂರಿ ಮೇಲೆ ಬಂದಳು. ದನ ಕಾಯುವವರು ಕಂಡು ಓಡಿ ಬಂದರು. ಅವಳು ಅವರ ಕೈ ಹಿಡಿಯಲಿಲ್ಲ. ಸೀರೆಯ ನೀರು ಹಿಂಡಿಕೊಂಡು ದಡದ ಗುಂಟ ನಡೆದು ಬಂದಳು.

ಅಂಬಿಗ ಇನ್ನೂ ಅಲ್ಲೇ ನಿಂತಿದ್ದ. ಅವಳು ಅವನ ಎದುರಿಗೆ ಬಂದು ನಿಂತಳು.

"ನನ್ನನ್ನು ನೋಡಿದೆಯಾ?" ಎಂದು ಕೇಳಿದಳು.

"ನೋಡಿದೆ."

"ಕೂಗಿದ್ದು ಕೇಳಿತಾ?"

"ಕೇಳಿತು."

"ಮತ್ತೆ?"

"ನಾನು ಮುಳುಗಿಬಿಟ್ಟಿದ್ದರೆ ಪಡಿ ನಿಂತುಹೋಗುತ್ತಿತ್ತಲ್ಲ," ಎಂದ ಅಂಬಿಗ. "ಆಮೇಲೆ ನಿನ್ನ ಗತಿ ಏನಾಗುತ್ತಿತ್ತು, ದ್ಯಾವೀ?"

ಹೇಳಿದ. ಹೇಳಿ ಮುಗಿದ ಮೇಲೆ ಆ ಮಾತು ಅವನಿಗೇ ಕೇಳಿಸಿತು. ಅಲ್ಲಿಯವರೆಗೆ ಅದು ತಲೆಯೊಳಗೆ ಇತ್ತು, ಅಲ್ಲಿ ಸರಿಯಾಗೇ ಇತ್ತು. ಹೊರಗೆ ಬಂದು, ಮೈಯೆಲ್ಲ ಕೆಸರಾಗಿ ನಡುಗುತ್ತ ನಿಂತ ಹೆಂಡತಿಯ ಎದುರಿಗೆ ಅದು ಬಿದ್ದಾಗ,  ಇದನ್ನು ಹೇಳಿದವನು ನಾನೇ ಏನು ಎಂದು ಹೆದರಿದ. ತನ್ನ ಬಾಯನ್ನು ತಾನೇ ಕೈಯಿಂದ ಮುಚ್ಚಿಕೊಂಡ.

ದ್ಯಾವಮ್ಮ ಅಳಲಿಲ್ಲ, ಬಯ್ಯಲಿಲ್ಲ. ಅವನನ್ನು ಪರಿಚಯವಿಲ್ಲದವನನ್ನು ನೋಡುವಂತೆ ನೋಡಿದಳು. ನೆಲಕ್ಕೆ ಬಿದ್ದಿದ್ದ ಕಂಬಳಿಯನ್ನು ಎತ್ತಿದಳು. ಅವನು ಅವಳೇ ಹೊದ್ದುಕೊಳ್ಳುತ್ತಾಳೆಂದು ತಿಳಿದ. ಅವಳು ಅದನ್ನು ಕೊಡವಿ ಅವನ ಹೆಗಲಿಗೆ ಹೊದಿಸಿದಳು.

"ಗಾಳಿ ಬಿಟ್ಟಿದೆ. ಮನೆಗೆ ನಡೆ," ಎಂದಳು.

ಆ ದಿನವೂ ಅವಳು ಅಡುಗೆ ಮಾಡಿದಳು. ನೆರೆಮನೆಯಿಂದ ಕೊಡ ಕೇಳಿ ತಂದು ನೀರು ಕಾಯಿಸಿ ಅವನಿಗೆ ಸ್ನಾನಕ್ಕೆ ಕೊಟ್ಟಳು. ತಟ್ಟೆ ಇಟ್ಟು ಬಡಿಸಿದಳು. ಅವನು ತುತ್ತು ಬಾಯಿಗಿಟ್ಟು ನುಂಗಲಾರದೆ ಕೂತ. "ನನ್ನನ್ನು ಬಯ್ಯೇ," ಎಂದ. "ಒಂದು ಸಲ ಬಯ್ದುಬಿಡು." ಅವಳು, "ಉಣ್ಣು, ಆರಿಹೋಗುತ್ತದೆ," ಎಂದಳು. ಬೇಸರದಿಂದ ಅಂದದ್ದಲ್ಲ, ಸಿಟ್ಟಿನಿಂದಲೂ ಅಲ್ಲ. ಅತಿಥಿಗೆ ಹೇಳುವಂತೆ ಹೇಳಿದಳು. ಅವನಿಗೆ ಅದು ಬೈಗುಳಕ್ಕಿಂತ ಹೆಚ್ಚು ತಾಗಿತು.

ಅವನು ಮರುದಿನ ಹುಚ್ಚು ಹಿಡಿದವನಂತೆ ಹರಿಗೋಲನ್ನು ಎತ್ತಿ ದಡಕ್ಕೆ ಹೊತ್ತುಕೊಂಡು ಹೋದ. "ನಿನ್ನ ತವರಿಗೆ ಹೋಗೋಣ, ಬಾ" ಎಂದ. ಬಿದಿರಿನ ಹೆಣಿಗೆ ಬಿಟ್ಟಿತ್ತು, ತೊಗಲು ಒಡೆದಿತ್ತು, ನೀರಿಗಿಟ್ಟ ಕೂಡಲೇ ಒಳಗೆ ನೀರು ಬಂತು. ದ್ಯಾವಮ್ಮ ದಡದ ಮೇಲೆ ನಿಂತು ನೋಡಿದಳು. "ಅಲ್ಲಿ ಈಗ ಯಾರಿದ್ದಾರೆ?" ಎಂದಳು. ಅದೂ ಹೌದು. ತಾಯಿ ಇರಲಿಲ್ಲ. ಅವನು ಮೊಣಕಾಲುದ್ದ ನೀರಿನಲ್ಲಿ ನಿಂತು ಮಕ್ಕಳಂತೆ ಅತ್ತ. ಅವಳು ಸಮಾಧಾನ ಮಾಡಿ ಮನೆಗೆ ಕರೆದುಕೊಂಡು ಬಂದಳು.

ಅಮಾವಾಸ್ಯೆ ಬಂತು. ಅಂಬಿಗ ಉಗ್ರಾಣಕ್ಕೆ ಹೋದ. ಅವನ ಸರದಿ ಬಂದಾಗ ಬಾಗಿಲಲ್ಲಿ ನಿಂತು ಬಾಯಿ ತೆರೆದ. ಆ ಮಾತು ಬರಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಬರಲಿಲ್ಲ. ಸಾಲಿನಲ್ಲಿದ್ದವರು ಅವನಿಗೆ ಏನಾಯಿತೆಂದು ಗಾಬರಿಯಾದರು. ಕೊನೆಗೆ ಉಗ್ರಾಣಿಯೇ ಎದ್ದು ಬಂದು ಬಾಗಿಲಲ್ಲಿ ಇಣುಕಿದ. ಇವನ ಮುಖ ನೋಡಿದ. ಗುರುತು ಸಿಕ್ಕಿತು.

"ಇದ್ದಾನೆ, ಅಳೆಯಿರಿ," ಎಂದ.

ಅಂಬಿಗ ಅಲ್ಲೇ ಕುಸಿದು ಕೂತ. ಜೋಳ ಅಳೆಯುವವರು ಚೀಲ ತುಂಬಿ ಅವನ ಪಕ್ಕದಲ್ಲಿ ಇಟ್ಟು ಮುಂದಿನವನನ್ನು ಕರೆದರು.

ಗುರುಗಳು ಕತೆ ನಿಲ್ಲಿಸಿದರು. ಒಂದು ಪತ್ರಾವಳಿ ಮುಗಿದಿತ್ತು. ಅದನ್ನು ಕಟ್ಟಿನ ಮೇಲಿಟ್ಟು ಇನ್ನೊಂದಕ್ಕೆ ಎಲೆ ಆರಿಸತೊಡಗಿದರು.

 ಶರಭಣ್ಣ ಕೂತಲ್ಲಿಂದ ಎದ್ದು ನಿಂತಿದ್ದ, ಯಾವಾಗ ಎದ್ದನೋ ಅವನಿಗೇ ತಿಳಿಯದು. ಕುಂಬಾರನ ವಿಷಯದಲ್ಲಿ ತಾನು ಆಡಿದ ಮಾತು ನೆನಪಾಗಿ ಕಿವಿ ಬಿಸಿಯಾಯಿತು. ಆದರೂ ಕೇಳದೆ ಇರಲಾಗಲಿಲ್ಲ.

"ಆಮೇಲೆ? ಅವರು ಏನಾದರು ಗುರುಗಳೇ?"

"ಆಗುವುದೇನು? ಅಂಬಿಗ ಬಹಳ ವರ್ಷ ಬದುಕಿದ. ಒಂದು ದಿನವೂ ಕಾಯಿಲೆ ಬೀಳಲಿಲ್ಲ. ಅವಳು ಅವನಿಗಿಂತ ಮೊದಲೇ ಹೋದಳು. ಹಗೇವು ಬಾಯಿಮಟ್ಟ ತುಂಬಿತ್ತು. ಅವನ ಹಂಚಿಕೆಯಲ್ಲಿ ಎಲ್ಲವೂ ಇತ್ತು, ಅವಳು ಮೊದಲು ಹೋಗುವುದೊಂದು ಇರಲಿಲ್ಲ. ಅವಳ ತಿಥಿಗೆ ಊರಿಗೆಲ್ಲ ಅದೇ ಜೋಳದ ಊಟ ಹಾಕಿಸಿದ."

ಶರಭಣ್ಣ ನಿಂತಲ್ಲೇ ಕಂಬ ಹಿಡಿದುಕೊಂಡ. ಮನೆಯಲ್ಲಿ ನೀಲಗಂಗಾ ಬೆಳಗ್ಗೆ ಒಳ್ಳೆಯ ಸೀರೆ ಉಟ್ಟು ಬಾಗಿಲಿಗೆ ಬಂದದ್ದು, ತಾನು ಬೇಡವೆಂದದ್ದು, ಅವಳು ಏನೂ ಅನ್ನದೆ ಒಳಗೆ ಹೋದದ್ದು ಕಣ್ಣ ಮುಂದೆ ಬಂತು. ಇತ್ತೀಚೆಗೆ ಅವಳು ತನ್ನನ್ನು ಏನಾದರೂ ಕೇಳಿ ಎಷ್ಟು ದಿನಗಳಾದವು ಎಂದು ಯೋಚಿಸಿದ. ನೆನಪಾಗಲಿಲ್ಲ. ಆದರೂ ಒಳಗಿನ ಹಳೆಯ ಚಾಳಿ ಬಿಡಲಿಲ್ಲ.

"ಆದರೆ ಗುರುಗಳೇ," ಎಂದ, ತಡವರಿಸುತ್ತ, "ನಾನು ಮಾಡುತ್ತಿರುವುದೂ ಅವಳಿಗಾಗಿಯೇ..."

ಗುರುಗಳು ಎಲೆಯಿಂದ ತಲೆ ಎತ್ತದೆ ಕೇಳಿದರು: "ಇರಲಿ, ನಿನ್ನ ಹೆಂಡತಿಗೆ ಈಜು ಬರುತ್ತದೆಯೇ?"